ಹಕ್ಕಿಹಿಡಿಯ ಜೋಡಿ ತಟ್ಟೆ

ವಿಮಲಾ ಜೂನ್ ಹದಿನೇಳರ ಮಂಗಳವಾರ ಬೆಳಗಿನ ಜಾವ ಸ್ಯಾನ್ ಹೊಸೆಯ ತನ್ನ ಮನೆಯಲ್ಲಿ ತೀರಿಕೊಂಡಳು. ವಯಸ್ಸು ಎಪ್ಪತ್ತೊಂದು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಮೂರು ವರ್ಷದಿಂದ ಇತ್ತು. ಗಂಡ ಗುಣಪಾಲ ಇದ್ದಾರೆ, ಮಗಳು ಆಶ್ರಿತಾ ಇದ್ದಾಳೆ. ಶನಿವಾರ ದಹನವಾಯಿತು.

ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇಷ್ಟನ್ನೇ ಹಾಕಿದರು. ಕೆಳಗೆ ನೂರಹನ್ನೆರಡು ಜನ ಕೈ ಮುಗಿದರು. ಅವರಲ್ಲಿ ಎಷ್ಟೋ ಮಂದಿಗೆ ವಿಮಲಾ ಎಂದರೆ ಯಾರೆಂದು ಹೊಳೆದಿರಲಾರದು. ಯಾವ ಸಮಾರಂಭವಾದರೂ ಹಿಂದಿನ ಸಾಲಿನಲ್ಲಿ ಕೂತು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಹೊರಡುತ್ತಿದ್ದ ಹೆಂಗಸು ಎಂದರೆ, "ಓ, ಆ ಜೈನರಾ?" ಎಂದಾರು. ಅವಳೇ.

ಹುಟ್ಟಿದ್ದು ಕಾರ್ಕಳದಲ್ಲಿ, ಬಸದಿಯ ಗಂಟೆ ಕೇಳಿಸುವಷ್ಟು ಹತ್ತಿರದ ಮನೆ. ಮೂವತ್ತನೆಯ ವಯಸ್ಸಿಗೆ ಇಲ್ಲಿಗೆ ಬಂದಳು. ಗುಣಪಾಲ ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಎಂಜಿನಿಯರು. ವಿಮಲಾ ಸೇರಿದ್ದು ಹಲ್ಲು ಮಾಡುವ ಲ್ಯಾಬಿಗೆ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಿದ್ದರು. ಇವಳು ಸಣ್ಣ ಕುಂಚದಲ್ಲಿ ಪಿಂಗಾಣಿಯ ಹಿಟ್ಟನ್ನು ಪದರ ಪದರವಾಗಿ ಕೂಡಿಸಿ, ಸುಟ್ಟು, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ಕೊಡುತ್ತಿದ್ದಳು. ಇಪ್ಪತ್ತೆರಡು ವರ್ಷ ಅದೇ ಕೆಲಸ. "ಅರ್ಧ ಸ್ಯಾನ್ ಹೊಸೆ ಅಗಿಯುವುದು ನನ್ನ ಹಲ್ಲಿನಲ್ಲಿ" ಎನ್ನುತ್ತಿದ್ದಳು. ಅವಳು ಜಂಬ ಕೊಚ್ಚಿದ್ದು ಅದೊಂದೇ ಮಾತಿನಲ್ಲಿ.

ಅವಳ ಗೆಳತಿಯ ಹೆಸರು ಇಂದು. ಮೈಸೂರಿನವಳು, ಸರಟೋಗಾದಲ್ಲಿ ಮನೆ. ಇಬ್ಬರದೂ ಮೂವತ್ತೈದು ವರ್ಷದ ಸ್ನೇಹ, ಅದರಲ್ಲಿ ಮೂವತ್ತು ವರ್ಷ ಜಗಳವೇ. ಸ್ನೇಹದ ಮೊದಲ ವರ್ಷಗಳಲ್ಲಿ ಇಂದು ಪ್ರತಿ ಸಂಕ್ರಾಂತಿಗೂ ಎಳ್ಳಿನ ಜೊತೆ ಸಕ್ಕರೆ ಅಚ್ಚಿನ ಗಿಳಿಗಳನ್ನು ಕಳಿಸುತ್ತಿದ್ದಳು. ಐದು ವರ್ಷವಾದ ಮೇಲೆ ಒಂದು ದಿನ ಐಸು ತೆಗೆಯಲು ವಿಮಲಾಳ ಫ್ರಿಜ್ಜು ತೆರೆದರೆ, ಸ್ಟೀಲು ಡಬ್ಬಿಯಲ್ಲಿ ಹನ್ನೊಂದು ಗಿಳಿಗಳು ಸಾಲಾಗಿ ಮಲಗಿದ್ದವು.

"ಇದೇನೇ ಇದು, ಗಿಳಿಗಳಿಗೆ ಬಾಣಂತನ ಮಾಡ್ತಿದೀಯಾ?"

"ಕಚ್ಚಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ತಿ. ಮುಖ ಉಂಟಲ್ಲ ಅದಕ್ಕೆ."

ಜೈನರ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಪ್ರಾಣಿಯ ಆಕಾರದ ಬಿಸ್ಕತ್ತು ಕೂಡ ಕೊಡುವುದಿಲ್ಲ. ಹಿಟ್ಟಿನದಾಗಲಿ, ಮಣ್ಣಿನದಾಗಲಿ, ಇದು ಜೀವ ಎಂದು ಮನಸ್ಸಿನಲ್ಲಿ ಎಣಿಸಿ ಮುರಿದರೆ ಅದು ಹಿಂಸೆಯೇ, ಸಂಕಲ್ಪಹಿಂಸೆ ಎನ್ನುತ್ತಾರೆ. ಮರುವರ್ಷದಿಂದ ಇಂದು ಅವಳಿಗೆ ಕಮಲದ ಅಚ್ಚು, ಬೃಂದಾವನದ ಅಚ್ಚು ಮಾತ್ರ ಕಳಿಸಿದಳು.

ಇಂಥವಳು ಮಡಕೆಯ ಕ್ಲಾಸಿಗೆ ಬಂದದ್ದು ತಾನಾಗಿ ಅಲ್ಲ. ಕಣ್ಣಿನ ಆಪರೇಷನ್ನಾದ ಮೇಲೆ ಇಂದು ಫ್ರೀವೇ ಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದಳು. ಅವಳು ಸೇರಿದ್ದ ಗುರುವಾರದ ಮಡಕೆ ಕ್ಲಾಸು ಇದ್ದದ್ದು ಸ್ಯಾನ್ ಹೊಸೆಯ ಕಮ್ಯುನಿಟಿ ಸೆಂಟರಿನಲ್ಲಿ. ವಿಮಲಾ ಉಲ್ಟಾ ದಾರಿಯಲ್ಲಿ ಸರಟೋಗಾಕ್ಕೆ ಬಂದು ಅವಳನ್ನು ಹತ್ತಿಸಿಕೊಂಡು ಹೋಗಿ, ಎರಡು ಗಂಟೆ ಮೂಲೆಯ ಕುರ್ಚಿಯಲ್ಲಿ ಕಾಯುತ್ತಿದ್ದಳು. ಕಲಿಸುವವಳು ಯೋಲಾಂಡಾ, ಪೆರು ದೇಶದ ಕುಸ್ಕೋ ಕಡೆಯವಳು, ಮಾರ್ಗನ್ ಹಿಲ್‌ನಿಂದ ಬರುತ್ತಿದ್ದಳು. ಅವಳಪ್ಪ ಅಲ್ಲಿ ಹಳೆಯ ಇನ್ಕಾ ಪಾತ್ರೆಗಳ ಮಾದರಿ ನೋಡಿ ಹೊಸದು ಮಾಡುತ್ತಿದ್ದ ಕುಶಲಿ. ಒಂದು ಗುರುವಾರ ಅವನ ಕೈಯದೊಂದು ತಟ್ಟೆ ತಂದು ಮೇಜಿನ ಮೇಲಿಟ್ಟಳು.

ಅಂಗೈ ಬಿಚ್ಚಿದಷ್ಟು ಅಗಲದ, ಆಳವಿಲ್ಲದ ತಟ್ಟೆ. ಒಳಗೆ ಕಪ್ಪು, ಕೆಂಪು, ಕೆನೆಬಿಳಿ ಗೆರೆಗಳು. ಅವುಗಳ ನಡುವೆ ಸಣ್ಣ ಸಣ್ಣ ಮೆಣಸಿನಕಾಯಿ, ಮೀನು. ಅಂಚಿನ ಒಂದು ಕಡೆ ಹಕ್ಕಿಯ ಕುತ್ತಿಗೆ ಎದ್ದು ನಿಂತಿತ್ತು. ಅದೇ ಹಿಡಿ. ಎದುರು ಕಡೆ ಎರಡು ಪುಟ್ಟ ಮೊಳಕೆ, ಬಾಲದ ಹಾಗೆ. ಮೂಲೆಯಿಂದ ವಿಮಲಾ ಎದ್ದು ಬಂದಳು. ಬಸದಿಯ ಧೂಪಾರತಿಗೂ ಹೀಗೇ ಒಂದು ಹಿಡಿಯಿತ್ತಲ್ಲ ಎಂದು ಅವಳಿಗೆ ನೆನಪಾಯಿತಂತೆ.

ಯೋಲಾಂಡಾ ಹೇಳಿದಳು: ಇದಕ್ಕೆ ಚಕ್ರ ಬೇಡ. ಮಣ್ಣನ್ನು ಹಗ್ಗದ ಹಾಗೆ ಹೊಸೆದು ಸುತ್ತಬೇಕು, ಬಣ್ಣದ ಮಣ್ಣಿನ ತಿಳಿಯಲ್ಲಿ ಚಿತ್ರ ಬರೆಯಬೇಕು, ನುಣುಪುಗಲ್ಲಿನಲ್ಲಿ ಉಜ್ಜಿ ಹೊಳಪು ಬರಿಸಬೇಕು, ಆಮೇಲೆ ಸುಡಬೇಕು. ಇನ್ಕಾ ಪಾತ್ರೆಗಳು ಎಷ್ಟೋ ಕಡೆ ಜೋಡಿಯಾಗಿಯೇ ಸಿಕ್ಕಿವೆ. "ನಮ್ಮಪ್ಪ ಹೇಳ್ತಿದ್ದ, ಒಂದು ನಿನಗೆ, ಇನ್ನೊಂದು ನಿನ್ನ ಜೊತೆ ಉಣ್ಣೋರಿಗೆ. ಒಬ್ಬರೇ ಉಣ್ಣೋದು ಊಟ ಅಲ್ಲ."

ವಿಮಲಾ ಆ ದಿನ ಕೋಟು ಕಳಚಿಟ್ಟು ಮಣ್ಣಿಗೆ ಕೈ ಹಾಕಿದಳು. ತಟ್ಟೆ ಒಂದೇ ಗಂಟೆಯಲ್ಲಿ ಆಯಿತು. ಹಲ್ಲು ಕಟ್ಟಿದ ಕೈ. ಹಕ್ಕಿಯೂ ಆಯಿತು: ಕೊಕ್ಕು, ನೆತ್ತಿ, ಕಡ್ಡಿ ತುದಿಯಲ್ಲಿ ಒತ್ತಿದ ಎರಡು ಕಣ್ಣು. ಮುಂದಿನ ವಾರ ಬಂದು ನೋಡಿದರೆ ಕುತ್ತಿಗೆ ಅಂಚಿಗೆ ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು.

"ಬಕೆಟ್ಟಿಗೆ ಹಾಕು" ಎಂದಳು ಯೋಲಾಂಡಾ. ಕ್ಲಾಸಿನ ನಿಯಮ ಅದು. ಸುಡುವ ಮೊದಲು ಕೆಟ್ಟದ್ದು ನೀರಿನ ಬಕೆಟ್ಟಿಗೆ, ಕರಗಿ ಮತ್ತೆ ಮಣ್ಣಾಗಲಿ ಎಂದು. ಸುಟ್ಟ ಮೇಲೆ ಕೆಟ್ಟದ್ದು ಸುತ್ತಿಗೆಗೆ.

ವಿಮಲಾ ಹಕ್ಕಿಯನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ತಟ್ಟೆಯನ್ನು ಸ್ಕಾರ್ಫಿನಲ್ಲಿ ಸುತ್ತಿ ಮನೆಗೆ ತಂದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ವಿಮಲಾಳ ಲೆಕ್ಕದಲ್ಲಿ ದೊಣ್ಣೆಗೆ ಕೆಲಸವೇ ಇರಲಿಲ್ಲ. ಒಂದೂಕಾಲು ವರ್ಷದಲ್ಲಿ ಗ್ಯಾರೇಜಿನ ಹಲಗೆಯ ಮೇಲೆ ಮೂವತ್ತೊಂದು ಹಕ್ಕಿಗಳಾದವು. ಬಿರುಕು ಕಂಡರೆ ಬಿಡಲಾರದೆ ತೇಪೆ ಹಾಕುವಳು. ತೇಪೆ ಒಣಗುವಾಗ ಪಕ್ಕದಲ್ಲಿ ಹೊಸ ಬಿರುಕು. ಒಂದರ ಮೇಲೊಂದು ತೇಪೆ ಬಿದ್ದು ಕೆಲವು ಹಕ್ಕಿಗಳಿಗೆ ಗಳಗಂಡ ಬಂದ ಹಾಗಿತ್ತು.

"ನಮ್ಮ ಗ್ಯಾರೇಜು ಈಗ ಪಿಂಜ್ರಾಪೋಲು" ಎಂದು ಗುಣಪಾಲ ಬಂದವರಿಗೆಲ್ಲ ತೋರಿಸುತ್ತಿದ್ದರು. "ಮೈಸೂರಿನಲ್ಲಿ ಮುದಿ ದನಗಳಿಗೆ ಉಂಟಲ್ಲ, ಹಾಗೆ ಇಲ್ಲಿ ಕುತ್ತಿಗೆ ನೋವಿನವರಿಗೆ. ಕಾರು ಮಾತ್ರ ಬೀದಿಯಲ್ಲಿ."

"ನಿಮ್ಮನ್ನೂ ಅಲ್ಲಿಯೇ ಒಂದು ಹಲಗೆಯಲ್ಲಿ ಇಡ್ತೇನೆ, ಸುಮ್ಮನಿರಿ" ಎನ್ನುತ್ತಿದ್ದಳು ವಿಮಲಾ.

ಈ ವರ್ಷದ ಫೆಬ್ರವರಿಯಲ್ಲಿ ಡಾಕ್ಟರು ಹೊಸ ಸ್ಕ್ಯಾನು ನೋಡಿ, ಇನ್ನು ಮಣ್ಣಿನ ಧೂಳು ಬೇಡ ಎಂದರು. ಆಶ್ರಿತಾ ತಾನೂ ಡಾಕ್ಟರು. ಅವಳು ಸ್ಯಾಕ್ರಮೆಂಟೋದಿಂದ ಕಾರು ಓಡಿಸಿಕೊಂಡು ಬಂದಳು.

"ಅಮ್ಮಾ, ಪ್ಲೀಸ್. ನೋ ಮೋರ್ ಕ್ಲೇ. ಇಟ್ಸ್ ಜಸ್ಟ್ ಅ ಕ್ಲಾಸ್."

"ಜೂನಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಾಸ್ಕು ಹಾಕ್ತೇನೆ, ನೀನು ಹೇಳಿದ್ದನ್ನೆಲ್ಲ ತಿಂತೇನೆ. ಜೂನಿನ ನಂತರ ಮಣ್ಣು ಮುಟ್ಟುವುದಿಲ್ಲ."

"ಬಟ್ ವೈ? ಯಾಕೆ?"

"ಜೋಡಿ ಆಗ್ಬೇಕು. ಒಂದೇ ಒಂದು ಜೋಡಿ, ಕುತ್ತಿಗೆ ಸರಿ ಇರುವಂಥದ್ದು."

ಮಗಳು ತಂದೆಯ ಮುಖ ನೋಡಿದಳು. ಗುಣಪಾಲ ಹೇಳಿದರು: "ನಲವತ್ತೇಳು ವರ್ಷದಲ್ಲಿ ನಿನ್ನ ಅಮ್ಮ ತನಗೆ ಬೇಕೂಂತ ಕೇಳಿದ್ದು ಇದು ಎರಡನೆಯದು ಮಗಾ. ಮೊದಲನೆಯದು ಪ್ರೆಶರ್ ಕುಕ್ಕರು."

ಹಾಗೆ ನಾಲ್ಕು ತಿಂಗಳ ಗಡುವು ಸಿಕ್ಕಿತು. ಯೋಲಾಂಡಾ ಪಕ್ಕದಲ್ಲಿ ಕೂತು ಮೂವತ್ತೆರಡನೆಯ ಹಕ್ಕಿಯನ್ನು ನೋಡಿ ಹೇಳಿದಳು: "ವಿಮಲಾ, ತೇಪೆ ಹಾಕಿದರೆ ಉಳಿಯಲ್ಲ. ತಲೆ ಕತ್ತರಿಸಿ ತೆಗೆ, ಒಳಗೆ ಏನಾಗಿದೆ ನೋಡು, ಹೊಸದು ಕೂಡಿಸು. ನಮ್ಮಪ್ಪ ದಿನಕ್ಕೆ ಹತ್ತು ಒಡೀತಿದ್ದ. ಒಡೆಯದೆ ಯಾರೂ ಕಲಿತಿಲ್ಲ."

"ಕತ್ತರಿಸಲಿಕ್ಕೆ ನನ್ನಿಂದ ಆಗುವುದಿಲ್ಲ."

"ಕೈ ನೋವಾ?"

"ಕೈ ಅಲ್ಲ" ಎಂದಳು ವಿಮಲಾ. ವಿಷಯ ತಿಳಿದ ಮೇಲೆ ಯೋಲಾಂಡಾ ನಗಲಿಲ್ಲ. ಮಣ್ಣು ಕತ್ತರಿಸುವ ತಂತಿಯನ್ನು ಎತ್ತಿ ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ಹಾಗಾದರೆ ನಿನಗೆ ನಾನು ಕಲಿಸೋದು ಕಷ್ಟ" ಎಂದಷ್ಟೇ ಹೇಳಿದಳು. ಹಿಡಿಯಿಲ್ಲದ ತಟ್ಟೆ ಮಾಡು ಎಂದೂ ಹೇಳಿನೋಡಿದಳು. ಹಿಡಿಯಿಲ್ಲದ್ದನ್ನು ಗ್ರೋಸರಿಯಲ್ಲಿ ಮಾರುತ್ತಾರಲ್ಲ ಎಂದಳು ವಿಮಲಾ.

ಮಾರ್ಚ್ ತಿಂಗಳ ಒಂದು ಗುರುವಾರ ಇಬ್ಬರು ಗೆಳತಿಯರೂ ಟೂ-ಎಯ್ಟಿ ಫ್ರೀವೇಯಲ್ಲಿ ಕ್ಲಾಸಿಗೆ ಹೊರಟಿದ್ದರು. ಇಂದು ಅವತ್ತು ಮುನಿದಿದ್ದಳು. ಗೆಳತಿಯ ಉಸಿರು ಏದುತ್ತಿರುವುದು ಕೇಳಿಸುತ್ತಿತ್ತು, ಅದಕ್ಕೇ ಸಿಟ್ಟು.

"ನೀನು ಹಲ್ಲು ಮಾಡ್ತಿದ್ಯಲ್ಲ ಲ್ಯಾಬಲ್ಲಿ, ಕೆಟ್ಟುಹೋದ್ರೆ ಏನ್ಮಾಡ್ತಿದ್ದೆ? ಅದನ್ನೂ ತಂದು ಗ್ಯಾರೇಜಲ್ಲಿ ಸಾಕ್ಕೊಂಡ್ಯಾ?"

"ಎಂತ ಸಾಕುವುದು? ಡಬ್ಬಕ್ಕೆ ಬಿಸಾಡುವುದು. ದಿನಕ್ಕೆ ಐದಾರು."

"ನೋಡು ಮತ್ತೆ! ಮನುಷ್ಯರ ಹಲ್ಲು ಕಣೆ ಅದು. ಅದಕ್ಕಿಲ್ಲದ ಮರ್ಯಾದೆ ನಿನ್ನ ಹಕ್ಕಿಗೆ?"

"ಹಲ್ಲಿಗೆ ಕಣ್ಣಿಲ್ಲ ಮಾರಾಯ್ತಿ" ಎಂದಳು ವಿಮಲಾ. ಇಂದು ಇನ್ನೂ ಏನೋ ಹೇಳುತ್ತಿದ್ದಳು. ಎಕ್ಸಿಟ್ಟು ಬಂತು, ಹೋಯಿತು. ಟೂ-ಎಯ್ಟಿ ಮುಗಿದು ಸಿಕ್ಸ್-ಎಯ್ಟಿಯಾಯಿತು.

"ವಿಮಲಾ, ಎಕ್ಸಿಟ್ಟು! ಎಲ್ಲಿಗೆ ಕರ್ಕೊಂಡ್ ಹೋಗ್ತಿದೀಯೇ ನನ್ನ?"

"ಮಿಲ್ಪಿಟಾಸಿಗೆ" ಎಂದಳು ವಿಮಲಾ, ನಗುತ್ತ. "ಹಲ್ಲಿಗೆ ಕಣ್ಣಿಲ್ಲ, ಅಲ್ವನಾ? ವಿಗ್ರಹಕ್ಕೂ ಕಣ್ಣು ಬಿಡಿಸುವುದು ಕೊನೆಗೆ. ಅಲ್ಲಿಯವರೆಗೆ ಶಿಲ್ಪಿ ಉಳಿಯಲ್ಲಿ ಕುಟ್ಟುವುದಿಲ್ಲವಾ ಅದನ್ನು? ನಾನು ಕಣ್ಣು ಮೊದಲೇ ಇಟ್ಟದ್ದು. ನನ್ನದು ಎಷ್ಟು ಬೋದಾಳ ತಲೆ ನೋಡು!"

ಮನೆಯಲ್ಲಿ ಗುಣಪಾಲ ವಾದ ತೆಗೆದರು. ಅವರದು ಶಾಸ್ತ್ರ ಓದಿದ ಬುದ್ಧಿ. "ಹಕ್ಕಿ ಮಾಡ್ತೇನೆ ಅಂತ ಕೂತಾಗಲೇ ಸಂಕಲ್ಪ ಆಯ್ತಲ್ಲ? ಕಣ್ಣಿದ್ದರೇನು, ಬಿಟ್ಟರೇನು?"

"ನಾನು ಕೂತದ್ದು ಹಿಡಿ ಮಾಡ್ತೇನೆ ಅಂತ. ಬೆಂಕಿಗೆ ಹೋಗುವ ದಿನ ಅದಕ್ಕೆ ಕಣ್ಣು ಬರೆಯುವುದು. ಆವತ್ತಿನಿಂದ ಅದು ಹಕ್ಕಿ. ಅದಕ್ಕೆ ಮುಂಚೆ ಹಲ್ಲು."

"ಹಲ್ಲಾ?"

"ಹ್ಞಾಂ, ಹಲ್ಲು. ನಿಮಗೆ ಬೇಕಾದರೆ ಕಾರ್ಕಳದ ಸ್ವಾಮಿಗಳಿಗೆ ಫೋನು ಮಾಡಿ ಕೇಳಿ."

ಗುಣಪಾಲ ಫೋನು ಮಾಡಲಿಲ್ಲ. ಅವಳು ಗೆದ್ದದ್ದು ಅವರಿಗೂ ಬೇಕಿತ್ತು.

ಮುಂದಿನ ಗುರುವಾರ ವಿಮಲಾ ಕಣ್ಣಿಲ್ಲದ ಹಿಡಿಯೊಂದನ್ನು ಕೂಡಿಸಿದಳು. ಮರುವಾರ ನೋಡಿದರೆ ಅದೂ ಬಿರಿದಿತ್ತು. ಯೋಲಾಂಡಾಳ ಮುಂದೆ ಕೈ ಚಾಚಿ, "ತಂತಿ ಕೊಡು" ಎಂದಳು. ಕುತ್ತಿಗೆಯನ್ನು ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಹೊರಗೆಲ್ಲ ಒಣಗಿ ಬೆಳ್ಳಗಾಗಿತ್ತು, ನಡುವೆ ಇನ್ನೂ ಹಸಿ. ಹೊರಗಿನದು ಕುಗ್ಗಿ ಎಳೆಯುತ್ತಿತ್ತು, ಒಳಗಿನದು ಬಿಡುತ್ತಿರಲಿಲ್ಲ. ಮೂವತ್ತೆರಡು ಹಕ್ಕಿಗಳ ಕುತ್ತಿಗೆಯಲ್ಲಿ ಇಷ್ಟು ದಿನ ನಡೆದದ್ದು ಇದೇ. ಕತ್ತರಿಸಿ ನೋಡಲು ಧೈರ್ಯ ಬಾರದೆ ಅವಳಿಗೆ ಇದು ಕಂಡಿರಲಿಲ್ಲ.

ಕಂಡ ಮೇಲೆ ಮುಂದಿನದು ಅವಳಿಗೆ ಗೊತ್ತಿದ್ದ ವಿದ್ಯೆಯೇ. ಬಾಯಲ್ಲಿ ಉಳಿದ ಮೋಟು ಹಲ್ಲಿನ ಮೇಲೆ ಕ್ರೌನು ಕೂಡಿಸುವುದು ಹೇಗೆ? ಟೊಪ್ಪಿಯ ಹಾಗೆ, ಒಳಗೆ ಟೊಳ್ಳಾಗಿ. ತಟ್ಟೆಯ ಅಂಚಿನಿಂದ ಒಂದು ಮೋಟು ಎಬ್ಬಿಸಿದಳು. ತಲೆಯನ್ನು ಬೇರೆಯಾಗಿ, ಗೋಡೆ ತೆಳುವಾಗಿ, ಟೊಳ್ಳಾಗಿ ಮಾಡಿ ಅದರ ಮೇಲೆ ಕೂಡಿಸಿದಳು. ಒಳಗಿನ ಗಾಳಿಗೆ ದಾರಿಯೆಂದು ಕೊಕ್ಕಿನ ಕೆಳಗೆ ಸೂಜಿ ತೂತು. ಮೊದಲನೆಯದು ಜಾರಿತು, ಬಕೆಟ್ಟಿಗೆ. ಎರಡನೆಯದು ವಾಲಿತು, ಬಕೆಟ್ಟಿಗೆ. ಏಪ್ರಿಲ್ಲಿನಲ್ಲಿ ಅವಳು ಬಕೆಟ್ಟಿಗೆ ಹಾಕಿದ್ದು ನಲವತ್ತು ಹಿಡಿಗಳು. ದೂರದಿಂದ ಎಸೆದು ಗುರಿ ಹೊಡೆಯುವುದನ್ನೂ ಕಲಿತಳು. "ನಿಧಾನ, ನಿಧಾನ" ಎಂದು ಯೋಲಾಂಡಾ ಹೇಳಬೇಕಾಯಿತು. ಗ್ಯಾರೇಜಿನ ಮೂವತ್ತೆರಡಕ್ಕೆ ಆಗಲೇ ಕಣ್ಣಿದ್ದದ್ದರಿಂದ ಅವು ಅಲ್ಲಿಯೇ ಉಳಿದವು; ಅವುಗಳ ವಿಷಯದಲ್ಲಿ ಅವಳ ನಿಯಮ ಬದಲಾಗಲಿಲ್ಲ.

ಮೇ ತಿಂಗಳಲ್ಲಿ ಎರಡು ತಟ್ಟೆಗಳು ಬಿರುಕಿಲ್ಲದೆ ಒಣಗಿ ನಿಂತವು. ಒಳಗೆ ಗೆರೆ ಬರೆದಳು, ಮೆಣಸಿನಕಾಯಿ ಬರೆದಳು.

"ಮೀನು?" ಎಂದಳು ಯೋಲಾಂಡಾ.

"ಉಣ್ಣುವ ತಟ್ಟೆಯಲ್ಲಿ ಮೀನಾ? ಬೇಡಪ್ಪ. ಮೆಣಸೇ ಎರಡು ಜಾಸ್ತಿ ಬರೀತೇನೆ."

ಆವಿಗೆಗೆ ಇಡುವ ಗುರುವಾರ ಗುಣಪಾಲರೂ ಬಂದರು. ವಿಮಲಾಳ ಹೆಗಲಲ್ಲಿ ಆಗ ಆಮ್ಲಜನಕದ ಪುಟ್ಟ ಯಂತ್ರದ ಚೀಲ ಇರುತ್ತಿತ್ತು, ಮೂಗಿಗೆ ನಳಿಕೆ. ಅವಳು ಲ್ಯಾಬಿನ ಹಳೆಯ ಕುಂಚವೊಂದನ್ನು ತಂದಿದ್ದಳು, ನಾಲ್ಕೈದು ಕೂದಲಿನದು. ಇಡೀ ಕ್ಲಾಸು ಕೆಲಸ ನಿಲ್ಲಿಸಿ ಸುತ್ತ ನಿಂತಿತು. ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿಕೊಂಡಳು. ಬಿಳಿಯ ಚುಕ್ಕೆ, ಅದು ಆರಿದ ಮೇಲೆ ನಡುವೆ ಕಪ್ಪು. ಉಸಿರು ಒಳಗೆ ಹೋಗಿ ಹೊರಗೆ ಬರುವ ನಡುವಿನ ಆ ಒಂದು ಕ್ಷಣ ಕೈ ನಡುಗದೆ ನಿಲ್ಲುತ್ತಿತ್ತು, ಆಗ ಒಂದು ಚುಕ್ಕೆ. ಹಾಗೆ ನಾಲ್ಕು ಕಣ್ಣು. ನಾಲ್ಕನೆಯದಾದ ಮೇಲೆ ಕುಂಚ ಕೆಳಗಿಟ್ಟು, "ಇನ್ನು ಇವಕ್ಕೆ ಯಾರೂ ಎಂತದ್ದೂ ಮಾಡುವ ಹಾಗಿಲ್ಲ" ಎಂದಳು.

"ಬೆಂಕಿಗೆ ಹೇಳು" ಎಂದಳು ಇಂದು.

ಎರಡು ದಿನ ಬಿಟ್ಟು, ಶನಿವಾರ ಬೆಳಿಗ್ಗೆ, ಕರೆಂಟಿನ ಆವಿಗೆ ಆರಿತು. ಮುಚ್ಚಳ ತೆಗೆದವಳು ಯೋಲಾಂಡಾ. ಒಳಗೆ ಬಗ್ಗಿ ನೋಡಿ ತನ್ನ ಭಾಷೆಯಲ್ಲಿ ಏನೋ ಕೂಗಿದಳು. ಎರಡು ತಟ್ಟೆಗಳನ್ನೂ ಎತ್ತಿ ಮೇಜಿಗಿಟ್ಟು, ಬೆರಳ ಗೆಣ್ಣಿನಿಂದ ಅಂಚನ್ನು ತಟ್ಟಿದಳು. ಟಣ್ ಎಂದಿತು ಒಂದು. ಟಣ್ ಎಂದಿತು ಇನ್ನೊಂದು. ಬಿರುಕು ಬಿಟ್ಟದ್ದು ಹಾಗೆ ನುಡಿಯುವುದಿಲ್ಲ. ಕೆಂಪು ಮಣ್ಣಿನ ಮೇಲೆ ಕಪ್ಪು ಗೆರೆ ಮಿನುಗುತ್ತಿತ್ತು, ಎರಡು ಹಕ್ಕಿಗಳೂ ಕತ್ತು ನೆಟ್ಟಗೆ ಮಾಡಿ ಮಡಕೆ ಕೋಣೆಯನ್ನು ನೋಡುತ್ತಿದ್ದವು. ವಿಮಲಾ ಕುಣಿದಳು ಎಂದರೆ ಯಾರೂ ನಂಬಲಾರರು. ಉಸಿರು ಎಷ್ಟು ಬಿಟ್ಟಿತೋ ಅಷ್ಟು ಕುಣಿದಳು.

ಜೂನ್ ಹದಿನಾಲ್ಕಕ್ಕೆ ಸೆಂಟರಿನ ಹಾಲಿನಲ್ಲಿ ಪ್ರದರ್ಶನ. ಬಿಳಿ ಬಟ್ಟೆಯ ಮೇಜಿನ ಮೇಲೆ ಜೋಡಿ ತಟ್ಟೆ, ಪಕ್ಕದಲ್ಲಿ 'ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ. ವಿಮಲಾ ರೇಷ್ಮೆ ಸೀರೆಯುಟ್ಟು ಬಂದಳು. ಸ್ವಲ್ಪ ಹೊತ್ತು ನೋಡಿದಳು. ಜನ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದರು. ಅವಳು ಗುಣಪಾಲರ ಕೈಚೀಲದಿಂದ ಡಬ್ಬಿ ತೆಗೆದು, ಒಂದು ತಟ್ಟೆಯ ತುಂಬ ಪಂಚಕಜ್ಜಾಯ ಸುರಿದಳು. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಎಳ್ಳು, ಗೋಪುರದ ಹಾಗೆ. ಆಮೇಲೆ ಬಲಗೈಯಲ್ಲಿ ಹಕ್ಕಿಯ ಕುತ್ತಿಗೆ ಹಿಡಿದು ಎತ್ತಿದಳು. ಒಂದೇ ಕೈ.

"ಮ್ಯಾಮ್, ಮ್ಯಾಮ್!" ಎಂದು ಸೆಂಟರಿನ ಹುಡುಗಿ ಓಡಿ ಬಂದಳು.

"ಕುತ್ತಿಗೆ!" ಎಂದು ಯೋಲಾಂಡಾ ಹಾಲಿನ ಆ ತುದಿಯಿಂದ ಕೂಗಿದಳು. "ವಿಮಲಾ, ಕೆಳಗೆ ಇನ್ನೊಂದು ಕೈ ಕೊಡು!"

"ಹಿಡಿ ಇಟ್ಟದ್ದು ಮತ್ತೆ ಯಾಕೆ?" ಎಂದಳು ವಿಮಲಾ, ಹೊರಟಳು.

ಇಡೀ ಹಾಲು ಸುತ್ತಿದಳು. ಒಬ್ಬೊಬ್ಬರ ಮುಂದೆಯೂ ನಿಂತು ತಟ್ಟೆ ಚಾಚಿದಳು. ಅಜ್ಜಂದಿರು, ತಳ್ಳುಗಾಡಿಯಲ್ಲಿ ಕೂಸು ತಂದ ತಾಯಂದಿರು, ಇನ್ನೊಂದು ಕ್ಲಾಸಿನ ಮೇಷ್ಟ್ರು, ಎಲ್ಲರೂ ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಏದುಸಿರು ಬಂದಾಗ ನಿಂತಳು, ತಟ್ಟೆಯನ್ನು ಮಾತ್ರ ಕೆಳಗಿಡಲಿಲ್ಲ. ಆಶ್ರಿತಾ ಎರಡು ಸಲ ಹಿಡಿಯಲು ಬಂದಳು, ಕೊಡಲಿಲ್ಲ. ಕೊನೆಗೆ ಯೋಲಾಂಡಾಳ ಮುಂದೆ ನಿಂತಳು. ತಟ್ಟೆಯಲ್ಲಿ ಒಂದೇ ಹಿಡಿಯಷ್ಟು ಉಳಿದಿತ್ತು. ಯೋಲಾಂಡಾ ಅದನ್ನು ತಿನ್ನುತ್ತ ಆ ಕುತ್ತಿಗೆಯ ಬುಡವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. "ನಮ್ಮಪ್ಪ ಇದನ್ನು ನೋಡಬೇಕಿತ್ತು" ಎಂದಳು. ಯಾರೋ ಚಪ್ಪಾಳೆ ಶುರು ಮಾಡಿದರು. ಹಿಂದಿನ ಸಾಲಿನ ವಿಮಲಾಳಿಗೆ ಹಾಲೆಲ್ಲ ನಿಂತು ಚಪ್ಪಾಳೆ ತಟ್ಟಿತು. ಅವಳು ಎದೆಯೆತ್ತಿ ನಿಂತು ಪೂರ್ತಿ ಕೇಳಿಸಿಕೊಂಡಳು, ಒಂದನ್ನೂ ಬಿಡದೆ.

ಜೂನ್ ಹದಿನಾರರ ಸೋಮವಾರ ಸಂಜೆ ಐದಕ್ಕೆ ಇಂದುಗೆ ಫೋನು ಬಂತು. "ಊಟಕ್ಕೆ ಬಾ. ಏಳಕ್ಕೆ ಮುಂಚೆ ಬಾ, ಹೊತ್ತು ಮುಳುಗಿದ ಮೇಲೆ ನಾನು ಕಾಯುವುದಿಲ್ಲ." ಇಂದು ಗಂಡ ಅನಂತಪದ್ಮನಾಭನ ಕಾರಿನಲ್ಲಿ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಎರಡು ತಟ್ಟೆಗಳು ಎದುರುಬದುರಾಗಿದ್ದವು, ಎರಡರಲ್ಲೂ ಚಿತ್ರಾನ್ನ. ಗಂಡಸರಿಗೆ ಸ್ಟೀಲು ತಟ್ಟೆ.

"ಎಣ್ಣೆ ಹೀರ್ಕೊಳುತ್ತೆ ಕಣೆ, ಕಲೆ ಆಗತ್ತೆ" ಎಂದಳು ಇಂದು.

"ಆಗ್ಲಿ. ಉಂಡದ್ದಕ್ಕೆ ಸಾಕ್ಷಿ ಬೇಡವಾ?"

ಇಬ್ಬರೂ ಉಂಡರು. ವಿಮಲಾ ಎರಡನ್ನೂ ತೊಳೆದು ಒರೆಸಿದಳು. ಒಂದನ್ನು ಇಂದುವಿನ ಮುಂದಿಟ್ಟು, "ಇದು ನಿನ್ನದು" ಎಂದಳು. ಇಂದು ಅದನ್ನು ಎರಡೂ ಕೈಯಲ್ಲಿ, ತಳಕ್ಕೆ ಅಂಗೈ ಕೊಟ್ಟು, ಎಳೆಕೂಸನ್ನು ಎತ್ತುವ ಹಾಗೆ ಎತ್ತಿದಳು.

"ಹಾಗಲ್ಲ." ವಿಮಲಾ ತಟ್ಟೆಯನ್ನು ಕಿತ್ತುಕೊಂಡು, ಗೆಳತಿಯ ಬಲಗೈ ಬೆರಳುಗಳನ್ನು ಒಂದೊಂದಾಗಿ ಹಕ್ಕಿಯ ಕುತ್ತಿಗೆಯ ಸುತ್ತ ಮಡಿಸಿದಳು. ಎಡಗೈಯನ್ನು ಹಿಡಿದು ಅವಳ ಬೆನ್ನ ಹಿಂದಕ್ಕೆ ತಳ್ಳಿದಳು. "ಹೀಗೆ ಹೋಗು ಕಾರಿನವರೆಗೆ."

"ಬಿದ್ದೋದ್ರೆ?"

"ಬೀಳುವುದಿಲ್ಲ. ನಡಿ ಮಾರಾಯ್ತಿ."

ಇಂದು ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು, ಮೆಟ್ಟಿಲಿಳಿದು ಕಾರು ಹತ್ತಿದಳು. ಕಾರು ತಿರುವಿನವರೆಗೆ ಹೋದಾಗ ಹಿಂತಿರುಗಿ ನೋಡಿದಳು. ಬಾಗಿಲಲ್ಲಿ ವಿಮಲಾ ತನ್ನ ತಟ್ಟೆಯನ್ನು ಕುತ್ತಿಗೆ ಹಿಡಿದು ತಲೆಯ ಮೇಲಕ್ಕೆತ್ತಿ, ಆಟ ಗೆದ್ದವರು ಬಹುಮಾನದ ಬಟ್ಟಲು ತೋರಿಸುವ ಹಾಗೆ, ಬೀದಿಗೆಲ್ಲ ಕಾಣುವಂತೆ ಆಡಿಸುತ್ತಿದ್ದಳು.